ಐದು ವರ್ಷದ ಸನ್ನದು

2022ರ ಜನವರಿ. ಒಂದು ಶನಿವಾರ ಬೆಳಿಗ್ಗೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಹೊಸೆಯ ಪೂರ್ವ ಭಾಗದ ಪುಟ್ಟ ಚಾರ್ಟರ್ ಶಾಲೆಯೊಂದರ ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು ನಿಂತು ನಾನು ಕೇಳಿದ ಮೊದಲ ಪ್ರಶ್ನೆ, "ಫೀಸ್ ಎಷ್ಟು?" ಅಂತ. ಒಮಿಕ್ರಾನ್ ಹಬ್ಬಿದ್ದ ದಿನಗಳು, ಹೊರಗಿನವರನ್ನು ಕೊಠಡಿಯೊಳಗೆ ಬಿಡುತ್ತಿರಲಿಲ್ಲ. ಪ್ರಿನ್ಸಿಪಾಲರು ಮರದ ಕೆಳಗೆ ಮಡಿಚುವ ಟೇಬಲ್ ಹಾಕಿಕೊಂಡು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. "ಏನೂ ಇಲ್ಲ" ಅಂದರು. ಡೊನೇಶನ್? ಅದೂ ಇಲ್ಲ. ಮಗುವಿಗೆ ಪರೀಕ್ಷೆ, ಅಪ್ಪ-ಅಮ್ಮನಿಗೆ ಇಂಟರ್‌ವ್ಯೂ? ಯಾವುದೂ ಇಲ್ಲ. ಮೈಸೂರಿನಲ್ಲಿ ಅಕ್ಕನ ಮಗನಿಗೆ ಒಂದು ಎಲ್‌ಕೆಜಿ ಸೀಟು ಕೊಡಿಸಲು ಭಾವ ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದ ನನಗೆ ಇಷ್ಟು ಸಲೀಸಾಗಿ ನಂಬಿಕೆ ಬರಲಿಲ್ಲ. ಸೀಟು ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಲಾಟರಿ ಎತ್ತುತ್ತೇವೆ ಅಂದರು.

ಈ ಶಾಲೆಯ ಸುದ್ದಿ ಹೇಳಿದ್ದು ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ವಿಯೆಟ್ನಾಂ ಅಜ್ಜಿ. ಅವರ ಮೊಮ್ಮಗ ಅಲ್ಲಿ ಎರಡನೇ ತರಗತಿಯಲ್ಲಿದ್ದ. ಪಾಠ ಹೇಗೆ, ಅಂಕ ಹೇಗೆ ಎಂದು ನಾನು ಕೇಳಿದರೆ ಅಜ್ಜಿ ಒಡಕು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಮಾತು: ಆ ಶಾಲೆಯಲ್ಲಿ ಎಲ್ಲರಿಗೂ ನನ್ನ ಹೆಸರು ಗೊತ್ತು. ಮೊಮ್ಮಗನ ಹೆಸರಲ್ಲ, ಅಜ್ಜಿಯ ಹೆಸರು. ಅದನ್ನು ಕೇಳಿದ ಮೇಲೆ ಹೋಗಿ ನೋಡದೆ ಇರಲಾಗಲಿಲ್ಲ.

ಚಾರ್ಟರ್ ಶಾಲೆ ಎಂದರೆ ಖಾಸಗಿ ಶಾಲೆ ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ಶಾಲೆಯೇ. ಶಿಕ್ಷಕರೋ ಪೋಷಕರೋ ಕೂಡಿ, ನಾವು ಹೀಗೆ ಕಲಿಸುತ್ತೇವೆ, ಇಷ್ಟನ್ನು ಸಾಧಿಸಿ ತೋರಿಸುತ್ತೇವೆ ಎಂದು ಬರೆದುಕೊಟ್ಟ ಅರ್ಜಿಗೆ ಆ ಭಾಗದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಶಾಲಾ ಡಿಸ್ಟ್ರಿಕ್ಟ್ ಸನ್ನದು, ಅಂದರೆ ಚಾರ್ಟರ್, ಕೊಡುತ್ತದೆ. ಸಾಮಾನ್ಯವಾಗಿ ಐದು ವರ್ಷಕ್ಕೆ. ಅದು ಮುಗಿದಾಗ ಮತ್ತೆ ಹೋಗಿ ಕೇಳಬೇಕು. ಕೊಡದಿದ್ದರೆ ಬಾಗಿಲು ಹಾಕಬೇಕಾಗಿ ಬರಬಹುದು. ಅಮೆರಿಕದಲ್ಲಿ ಇದಕ್ಕೆ ಮೊದಲು ಕಾನೂನು ಮಾಡಿದ್ದು 1991ರಲ್ಲಿ ಮಿನ್ನೆಸೋಟ ರಾಜ್ಯ, ಮರುವರ್ಷ ಕ್ಯಾಲಿಫೋರ್ನಿಯ. ಇದೇ ಹೆಸರಿನಲ್ಲಿ ಹತ್ತಾರು ಶಾಖೆಗಳ ದೊಡ್ಡ ಜಾಲಗಳೂ ಇವೆ, ಮನೆಯಿಂದಲೇ ಆನ್‌ಲೈನಿನಲ್ಲಿ ಕಲಿಸುವವೂ ಇವೆ. ನಾನು ಹೇಳುತ್ತಿರುವುದು ಅಂಥದ್ದರ ಮಾತಲ್ಲ. ಇದು ತರಗತಿಗೆ 20ರಂತೆ ಒಟ್ಟು 120 ಮಕ್ಕಳ, ಒಂದೇ ಒಂದು ಶಾಲೆ. ಕಿಂಡರ್‌ಗಾರ್ಟನ್‌ನಿಂದ ಐದನೇ ತರಗತಿಯವರೆಗೆ.

ಅರ್ಜಿ ಒಂದೇ ಪುಟ. ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ, ಅಕ್ಕ-ತಮ್ಮ ಯಾರಾದರೂ ಈಗಾಗಲೇ ಅಲ್ಲಿ ಓದುತ್ತಿದ್ದಾರೆಯೇ ಎಂಬುದು. ಅಷ್ಟೇ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಎಲ್ಲರೆದುರು ಲಾಟರಿ ಎತ್ತಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಮಾರ್ಚ್ ತಿಂಗಳ ಒಂದು ಸಂಜೆ ಅದೇ ಅಂಗಳದಲ್ಲಿ ಎತ್ತಿದರು. ಬರಲಾಗದವರಿಗೆ ಝೂಮ್‌ನಲ್ಲೂ ತೋರಿಸಿದರು. ಚೀಟಿ ಎತ್ತಿದ್ದು ಶಾಲೆಗೆ ಸಂಬಂಧವೇ ಇಲ್ಲದ ಒಬ್ಬರು ಲೈಬ್ರರಿಯನ್. ಹೆಸರು ಕೂಗುವುದಿಲ್ಲ, ನಂಬರು ಮಾತ್ರ. ಊರಿನ ಗುಡಿಯಲ್ಲಿ ದೇವರ ಬಲಗಡೆಯಿಂದ ಹೂ ಬೀಳುತ್ತದೋ ಎಡಗಡೆಯಿಂದಲೋ ಎಂದು ಪ್ರಸಾದ ಕೇಳುತ್ತ ಕೂತವರ ಮುಖ ಹೇಗಿರುತ್ತದೋ ಅಲ್ಲಿದ್ದವರ ಮುಖವೂ ಹಾಗೇ ಇತ್ತು. ತಮ್ಮ ತಂಗಿಯರಿಗೆ ಮೊದಲ ಆದ್ಯತೆ ಎಂದು ಏಳೆಂಟು ಸೀಟು ಅಲ್ಲೇ ಹೋದವು. ಉಳಿದವೂ ಒಂದೊಂದಾಗಿ ಮುಗಿದವು. ನಮ್ಮದು ವೇಟಿಂಗ್ ಲಿಸ್ಟಿನಲ್ಲಿ 14.

ನನ್ನ ಪಕ್ಕ ನಿಂತಿದ್ದ ಹೆಂಗಸಿನದು 31. ಅವರೂ ಪುಟ್ಟ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಏನೂ ಮಾತಾಡಲಿಲ್ಲ. ಅವರನ್ನು ನಾನು ಮರೆತಿಲ್ಲ.

ನಮ್ಮ ಮಗಳು ಪುಟ್ಟಿಯನ್ನು ಮನೆ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಗೆ ಸೇರಿಸಿ ಚೀಲ, ನೀರಿನ ಬಾಟಲಿ ಎಲ್ಲ ಕೊಂಡಾಗಿತ್ತು. ಆಗಸ್ಟಿನಲ್ಲಿ, ಶಾಲೆ ಶುರುವಾಗಲು ಆರು ದಿನ ಇರುವಾಗ ಫೋನ್ ಬಂತು. ಒಂದು ಸೀಟು ಖಾಲಿಯಾಗಿದೆ, ನಾಳೆ ಸಂಜೆಯೊಳಗೆ ಹೇಳಿ ಅಂದರು. ಆ ರಾತ್ರಿ ನಾನೂ ಯಜಮಾನರೂ ಮಲಗಲಿಲ್ಲ. ಹತ್ತಿರದ ಶಾಲೆಗೆ ನಡೆದು ಹೋಗಬಹುದು. ಇಲ್ಲಿಗೆ ಕಾರಿನಲ್ಲಿ ಹದಿನೈದು ನಿಮಿಷ. ಅಲ್ಲಿ ಸ್ವಂತ ಕಟ್ಟಡ, ಲೈಬ್ರರಿ, ಸಂಗೀತದ ಮೇಷ್ಟ್ರು. ಇಲ್ಲಿ ಪೋರ್ಟಬಲ್ ಕೊಠಡಿಗಳು. ಅಜ್ಜಿಯ ಮಾತನ್ನು ನೆನೆದುಕೊಂಡು ಹ್ಞೂಂ ಅಂದೆವು.

ದಾಖಲಾತಿಗೆ ಮಗಳ ತಾಯಿ ಕಾರ್ಡ್ ತೆಗೆದುಕೊಂಡು ಹೋದೆ. ಅವಳು ಹುಟ್ಟಿದ್ದು ಮೈಸೂರಿನಲ್ಲಿ, ಲಸಿಕೆಗಳೆಲ್ಲ ಅದರಲ್ಲೇ ಬರೆದದ್ದು. ಆಫೀಸಿನಲ್ಲಿ ಕೂತವರು ಒಂದೊಂದು ಸಾಲನ್ನೂ ಬೆರಳಿಟ್ಟು ನೋಡಿದರು. ದಡಾರ-ರುಬೆಲ್ಲಾ ಇತ್ತು, ಮಂಗನಬಾವಿನದು ಇರಲಿಲ್ಲ. ಚಿಕನ್‌ಪಾಕ್ಸ್ ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿಲ್ಲ, ಇಲ್ಲಿ ಎರಡು ಡೋಸ್ ಬೇಕೇ ಬೇಕು. 2016ರಿಂದ ಈ ರಾಜ್ಯದಲ್ಲಿ ನಂಬಿಕೆಯ ಕಾರಣ ಹೇಳಿ ಲಸಿಕೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಊರಿನಿಂದ ಈಚೆಗೆ ಬಂದವರು ಇದನ್ನು ಜುಲೈನಲ್ಲೇ ಡಾಕ್ಟರ ಹತ್ತಿರ ಮುಗಿಸಿಕೊಳ್ಳುವುದು ಒಳ್ಳೆಯದು; ನಾವು ಎರಡು ದಿನದಲ್ಲಿ ಓಡಾಡಿ ಸುಸ್ತಾದೆವು.

ಆಮೇಲೆ ಮನೆಮಾತಿನ ಫಾರಂ. ನಾಲ್ಕೇ ಪ್ರಶ್ನೆ. ಮಗು ಮೊದಲು ಯಾವ ಭಾಷೆಯಲ್ಲಿ ಮಾತು ಕಲಿಯಿತು? ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತದೆ? ನೀವು ಮಗುವಿನೊಂದಿಗೆ ಯಾವ ಭಾಷೆ ಆಡುತ್ತೀರಿ? ಮನೆಯ ದೊಡ್ಡವರು ತಮ್ಮತಮ್ಮಲ್ಲಿ ಯಾವುದು? ನಮ್ಮ ಬಳಗದಲ್ಲಿ ಎಲ್ಲರೂ ಮೊದಲೇ ಹೇಳಿದ್ದರು, ಇಂಗ್ಲಿಷ್ ಎಂದು ಬರೆದುಬಿಡು, ಇಲ್ಲದಿದ್ದರೆ ಇಂಗ್ಲಿಷ್ ಬಾರದ ಮಗು ಎಂದು ಮುದ್ರೆ ಒತ್ತಿ ವರ್ಷವರ್ಷ ಪರೀಕ್ಷೆ ಮಾಡುತ್ತಾರೆ ಅಂತ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ನಾಲ್ಕಕ್ಕೂ ಕನ್ನಡ ಎಂದೇ ಬರೆದೆ. ಐದು ವರ್ಷದ ಮಗಳ ಶಾಲೆಯ ಮೊದಲ ಕಾಗದದಲ್ಲೇ ಅವಳ ಮಾತನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ.

ಹೇಳಿದಂತೆ 30 ದಿನದೊಳಗೆ ಇಂಗ್ಲಿಷ್ ಪರೀಕ್ಷೆ ಮಾಡಿದರು, ನಡು ಹಂತದಲ್ಲಿದ್ದಾಳೆ ಎಂದು ಕಾಗದ ಬಂತು. ಕಾಗದವನ್ನು ಚೀಲದಲ್ಲಿಟ್ಟು ಕಳಿಸಲಿಲ್ಲ. ಟೀಚರ್ ಗೇಟಿನ ಹತ್ತಿರ ಕೈಗೆ ಕೊಟ್ಟು, ಹತ್ತು ನಿಮಿಷ ನಿಂತು ವಿವರಿಸಿದರು. ಕೊನೆಗೆ ಜೇಬಿನಿಂದ ಒಂದು ಚೀಟಿ ತೆಗೆದು, ನೀರು, ಹಸಿವು, ಹೊಟ್ಟೆನೋವು, ಅಮ್ಮ ಬರುತ್ತಾಳೆ, ಈ ನಾಲ್ಕಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು. ಆ ವಾರ ಪುಟ್ಟಿ ಅತ್ತಾಗ ಅವರು "ಅಮ್ಮಾ ಬರ್ತಾಳೆ" ಅಂದರಂತೆ. ಎರಡನೇ ತರಗತಿಗೆ ಬರುವ ಹೊತ್ತಿಗೆ ಆ ಪರೀಕ್ಷೆಯನ್ನು ದಾಟಿದಳು. ಆ ಮುದ್ರೆ ಅವಳಿಗೆ ಎಲ್ಲಿಯೂ ಅಡ್ಡ ಬರಲಿಲ್ಲ.

ಒಳಗಿನ ಪಾಠ ಹೇಗೆ ನಡೆಯುತ್ತದೆ ಎನ್ನುವುದು ನನಗಿಂತ ಮೊದಲು ಅರ್ಥವಾದದ್ದು ನನ್ನ ಅಮ್ಮನಿಗೆ. ಅಲ್ಲಿ ಎರಡೆರಡು ತರಗತಿ ಕೂಡಿಸಿ ಕೂರಿಸುತ್ತಾರೆ. ಕಿಂಡರ್‌ಗಾರ್ಟನ್ ಮತ್ತು ಒಂದು, ಎರಡು ಮತ್ತು ಮೂರು, ನಾಲ್ಕು ಮತ್ತು ಐದು. ಒಬ್ಬರೇ ಟೀಚರ್ ಎರಡು ವರ್ಷ. ಬೆಳಿಗ್ಗೆ ಎಲ್ಲರೂ ಗುಂಡಗೆ ಕೂತು ಒಬ್ಬೊಬ್ಬರೂ ಒಂದೊಂದು ಮಾತು ಹೇಳಿದ ಮೇಲೆಯೇ ಪಾಠ. ಆಮೇಲೆ ಒಂದು ಗುಂಪು ಟೀಚರ್ ಜೊತೆ, ಒಂದು ಗುಂಪು ದೊಡ್ಡ ಮಗುವಿನ ಜೊತೆ, ಒಂದು ತಾನೇ ತಾನಾಗಿ. ಇದನ್ನು ಫೋನಿನಲ್ಲಿ ಹೇಳಿದಾಗ ನನ್ನ ದನಿಯಲ್ಲಿ ಆತಂಕವಿತ್ತು, ಎರಡು ತರಗತಿ ಒಂದೇ ಕೋಣೆಯಲ್ಲೆಂದರೆ ಟೀಚರುಗಳ ಕೊರತೆಯೇನೋ ಎಂದು. ಅಮ್ಮ ಆಚೆಯಿಂದ, "ಅದು ನಲಿ-ಕಲಿ ಕಣೇ!" ಅಂದರು.

ಅಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು. ನಲಿ-ಕಲಿ ಶುರುವಾದದ್ದೇ ಆ ತಾಲ್ಲೂಕಿನಲ್ಲಿ, 1995ರಲ್ಲಿ. ಪುಸ್ತಕದ ಬದಲು ಕಾರ್ಡು, ಒಂದು ಮೈಲಿಗಲ್ಲು ಮುಗಿದರೆ ಮುಂದಿನದಕ್ಕೆ, ಮಗುವಿನ ವೇಗದಲ್ಲಿ ಮಗು. ಟೀಚರ ನೆರವು ಬೇಕಾದವರು ಒಂದು ತಟ್ಟೆ, ಜೊತೆಗಾರರ ನೆರವು ಸಾಕಾದವರು ಇನ್ನೊಂದು ತಟ್ಟೆ, ಸ್ವಂತ ಕಲಿಯುವವರದು ಬೇರೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ ತೂಗಿಬಿಟ್ಟರೆ ಅದೇ ಚಪ್ಪರ. ಪುಟ್ಟಿಯ ಕೋಣೆಯ ಫೋಟೋ ಕಳಿಸಿದೆ. "ಇಲ್ಲೂ ಚಪ್ಪರ ಹಾಕಿದ್ದಾರೆ ನೋಡು" ಎಂದು ಅಮ್ಮ ಮೂರು ಸಲ ಹೇಳಿದರು. ಶಾಲೆಗೆ ತನ್ನದೇ ಆಡಳಿತ ಮಂಡಳಿ ಇದೆ, ಅದರಲ್ಲಿ ಪೋಷಕರೂ ಇದ್ದಾರೆ ಎಂದದ್ದಕ್ಕೆ, "ನಮ್ಮ ಎಸ್‌ಡಿಎಂಸಿ ಥರ" ಅಂದರು. ಅದು ನಮ್ಮ ಸರ್ಕಾರಿ ಶಾಲೆಗಳ ಅಭಿವೃದ್ಧಿ ಸಮಿತಿ. ಒಂದು ವ್ಯತ್ಯಾಸವಿದೆ. ಎಸ್‌ಡಿಎಂಸಿಗೆ ಟೀಚರನ್ನು ನೇಮಿಸುವ ಅಧಿಕಾರವಿಲ್ಲ. ಇಲ್ಲಿಯ ಮಂಡಳಿ ಪ್ರಿನ್ಸಿಪಾಲರನ್ನು ನೇಮಿಸುತ್ತದೆ, ಬಜೆಟ್ ಒಪ್ಪುತ್ತದೆ, ಸಾಲ ಬಂದರೆ ಹೊರುತ್ತದೆ. ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಬೇಕು, ಯಾರು ಬೇಕಾದರೂ ಬಂದು ಮಾತಾಡಬಹುದು. ನಾನು ಮೊದಲ ವರ್ಷ ಮೂರು ಸಭೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿದೆ. ಒಂದು ಸಭೆಯಲ್ಲಿ ಮುಕ್ಕಾಲು ಗಂಟೆ ಚರ್ಚೆಯಾದದ್ದು ಪ್ರಿಂಟರಿನ ಖರ್ಚು.

ಪೋಷಕರು ಇಷ್ಟು ಗಂಟೆ ಶ್ರಮದಾನ ಮಾಡಲೇಬೇಕೆಂದು ಹಿಂದೆ ಕೆಲವು ಚಾರ್ಟರ್ ಶಾಲೆಗಳು ಹೇಳುತ್ತಿದ್ದವು. 2017ರಲ್ಲಿ ಆದ ಕಾನೂನು ಅದನ್ನು ತಡೆಯಿತು. ಮಾಡದಿದ್ದರೆ ಸೀಟಿಗೆ ತೊಂದರೆ ಎನ್ನುವ ಹಾಗಿಲ್ಲ. ನಮ್ಮ ಶಾಲೆಯಲ್ಲಿ ಅದನ್ನು ಫಾರಂನ ಮೇಲೇ ಬರೆದಿದ್ದರು. ಆದರೂ ಜನ ಬರುತ್ತಾರೆ. ರಾತ್ರಿ ಪಾಳಿ ಮುಗಿಸಿ ನೇರ ಬರುವ ಒಬ್ಬ ತಂದೆ ಬೆಳಿಗ್ಗೆ ಏಳೂವರೆಗೆ ಮುರಿದ ಕುರ್ಚಿಗಳಿಗೆ ಸ್ಕ್ರೂ ಹಾಕಿ ಮನೆಗೆ ಹೋಗಿ ಮಲಗುತ್ತಾರೆ. ವಿಯೆಟ್ನಾಂ ಅಜ್ಜಿ ಗುರುವಾರ ಬಂದು ಚಿಕ್ಕ ಮಕ್ಕಳಿಗೆ ಹಣ್ಣು ಹೆಚ್ಚಿಕೊಡುತ್ತಾರೆ. ನನ್ನ ಪಾಲಿಗೆ ಬಂದದ್ದು ಸೋಮವಾರ ಬೆಳಿಗ್ಗೆ ರಸ್ತೆ ದಾಟಿಸುವ ಕೆಲಸ.

2023ರ ಡಿಸೆಂಬರಿನಲ್ಲಿ ಊರಿಗೆ ಹೊರಟೆವು. ರಜೆಯ ಜೊತೆ ಎಂಟು ಶಾಲಾ ದಿನಗಳು ಸೇರುತ್ತಿದ್ದವು. ಪ್ರಿನ್ಸಿಪಾಲರು ಕೂರಿಸಿಕೊಂಡು ಲೆಕ್ಕ ಹೇಳಿದರು. ಕ್ಯಾಲಿಫೋರ್ನಿಯದಲ್ಲಿ ಶಾಲೆಗೆ ದುಡ್ಡು ಬರುವುದು ಎಷ್ಟು ಮಕ್ಕಳು ಸೇರಿದ್ದಾರೆ ಎಂದು ನೋಡಿ ಅಲ್ಲ, ದಿನವೂ ಸರಾಸರಿ ಎಷ್ಟು ಮಕ್ಕಳು ಬಂದರು ಎಂದು ನೋಡಿ. ಸಾವಿರ ಮಕ್ಕಳ ಶಾಲೆಗೆ ಒಂದು ಮಗುವಿನ ಗೈರುಹಾಜರಿ ಗೊತ್ತಾಗದು, 120ರ ಶಾಲೆಗೆ ಗೊತ್ತಾಗುತ್ತದೆ. ಸ್ವತಂತ್ರ ಅಧ್ಯಯನ ಎಂಬ ಒಪ್ಪಂದವಿದೆ. ಹೋಗುವ ಮೊದಲೇ ಸಹಿ ಮಾಡಿ, ಅಲ್ಲಿ ಕೂತು ಕೊಟ್ಟ ಕೆಲಸ ಮಾಡಿ ತಂದರೆ ಹಾಜರಿ ಲೆಕ್ಕಕ್ಕೆ ಬರುತ್ತದೆ. ಊರಿಗೆ ಹೋಗುವ ನಮ್ಮವರು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಟೀಚರ್ ಲೆಕ್ಕದ ಹಾಳೆ, ಓದುವ ಪುಸ್ತಕದ ಜೊತೆ ಒಂದು ಖಾಲಿ ನೋಟ್‌ಬುಕ್ ಕೊಟ್ಟು, ನಿಮ್ಮ ಅಜ್ಜಿಯ ಶಾಲೆಯನ್ನು ನೋಡಿ ಬರೆದುಕೊಂಡು ಬಾ ಅಂದರು.

ಅಮ್ಮ ಅವಳನ್ನು ತಾವು ಕೆಲಸ ಮಾಡಿದ ಶಾಲೆಗೆ ಎರಡು ದಿನ ಕರೆದುಕೊಂಡು ಹೋದರು. ಪುಟ್ಟಿ ನೆಲದ ಮೇಲೆ ಚಕ್ಕಂಬಕ್ಕಲು ಹಾಕಿ ತಟ್ಟೆಯಲ್ಲಿ ಕೂತಳು, ಬಿಸಿಯೂಟ ಉಂಡಳು, ಗೋಡೆಯ ಕೆಳಗಿನ ಕಪ್ಪು ಹಲಗೆಯಲ್ಲಿ ತನ್ನ ಹೆಸರು ಬರೆದಳು. ಜನವರಿಯಲ್ಲಿ ಹಿಂದಿರುಗಿದ ಮೇಲೆ ಬೆಳಗಿನ ಸುತ್ತಿನಲ್ಲಿ ಆ ನೋಟ್‌ಬುಕ್ ತೋರಿಸಿದಳು. ಅವರ ಶಾಲೆಯಲ್ಲಿ ಪ್ರತಿ ಮಗುವಿಗೂ ಬರೆಯಲು ಗೋಡೆಯಲ್ಲಿ ಜಾಗ ಇದೆ, ನಮಗೂ ಬೇಕು ಎಂದಳಂತೆ. ಮುಂದಿನ ತಿಂಗಳು ಕುರ್ಚಿ ರಿಪೇರಿಯ ಆ ತಂದೆಯೂ ಇನ್ನಿಬ್ಬರೂ ಸೇರಿ ಪೋರ್ಟಬಲ್ ಕೋಣೆಯ ಎರಡು ಗೋಡೆಗೆ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದರು. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ಆರು ವರ್ಷದ ಹುಡುಗಿ ಕೇಳಿದ್ದು ಮೂರು ವಾರದಲ್ಲಿ ಆಯಿತು. ಈ ಶಾಲೆಯ ವಿಶೇಷ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಆ ಎರಡು ಗೋಡೆಗಳನ್ನೇ.

ಸಣ್ಣ ಶಾಲೆಯಲ್ಲಿ ಕಷ್ಟಗಳೂ ಇವೆ. ಎರಡನೇ ತರಗತಿಯಲ್ಲಿ ಪುಟ್ಟಿಗೂ ಅವಳ ಗೆಳತಿಗೂ ಮುನಿಸಾಗಿ ತಿಂಗಳುಗಟ್ಟಲೆ ನಡೆಯಿತು. ಬದಲಾಯಿಸಿ ಕೂರಿಸಲು ಇನ್ನೊಂದು ಸೆಕ್ಷನ್ ಇಲ್ಲ, ಅದೇ ಮುಖಗಳು. ವಿಶೇಷ ಅಗತ್ಯದ ಮಕ್ಕಳಿಗೆ ಇದ್ದ ಒಬ್ಬರೇ ಟೀಚರ್ ರಜೆ ಹೋದಾಗ ಒಂದು ಕುಟುಂಬ ಬಹಳ ನೊಂದಿತು, ಕೊನೆಗೆ ದೊಡ್ಡ ಶಾಲೆಗೆ ಹೋಯಿತು. ಅವರು ಮಾಡಿದ್ದು ಸರಿ.

2025ರ ವಸಂತದಲ್ಲಿ ಎರಡು-ಮೂರನೇ ತರಗತಿಯ ಮಕ್ಕಳು ಕಯೋಟಿ ಕ್ರೀಕಿನ ಪಾಠ ಮಾಡಿದರು. ಊರಿನ ನಡುವೆಯೇ ಹರಿಯುವ ತೊರೆ. 2017ರ ಫೆಬ್ರುವರಿಯಲ್ಲಿ ಮೇಲಿನ ಆಂಡರ್ಸನ್ ಜಲಾಶಯ ತುಂಬಿ ಕೋಡಿ ಬಿದ್ದು ಈ ತೊರೆ ಉಕ್ಕಿತ್ತು, ಸುಮಾರು 14,000 ಜನ ಮನೆ ಬಿಡಬೇಕಾಯಿತು. ಆಗ ಮನೆ ಬಿಟ್ಟವರಲ್ಲಿ ಕೆಲವರು ಈ ಶಾಲೆಯ ಅಪ್ಪ-ಅಮ್ಮಂದಿರೇ. ಮಕ್ಕಳು ಅವರನ್ನು ಕರೆಸಿ ಪ್ರಶ್ನೆ ಕೇಳಿದರು, ನೀರು ಎಲ್ಲಿಯವರೆಗೆ ಬಂತು, ಏನು ಎತ್ತಿಕೊಂಡು ಓಡಿದಿರಿ, ಯಾವ ಭಾಷೆಯಲ್ಲಿ ಎಚ್ಚರಿಕೆ ಬಂತು. ಎಚ್ಚರಿಕೆ ಸರಿಯಾಗಿ ಬರಲೇ ಇಲ್ಲ ಎಂದು ಒಬ್ಬ ತಾಯಿ ಹೇಳಿದರು. ಒಬ್ಬರು ಎದೆಮಟ್ಟ ಕೈ ಇಟ್ಟು ತೋರಿಸಿದ ಎತ್ತರವನ್ನು ಮಕ್ಕಳು ಟೇಪಿನಿಂದ ಅಳೆದು ಶಾಲೆಯ ಬೇಲಿಯ ಮೇಲೆ ನೀಲಿ ಗೆರೆ ಎಳೆದರು. ಪುಟ್ಟಿ ಆ ಗೆರೆಗಿಂತ ಕುಳ್ಳಗಿದ್ದಳು. ಮನೆಗೆ ಬಂದು ಆ ರಾತ್ರಿ, ಕೆ.ಆರ್.ಎಸ್.ಗೆ ಕೋಡಿ ಇದೆಯೇ ಎಂದು ಕೇಳಿದಳು.

ಸನ್ನದಿನ ಅವಧಿ 2023ಕ್ಕೆ ಮುಗಿಯಬೇಕಿತ್ತು. ಕೋವಿಡ್ ಕಾರಣಕ್ಕೆ ರಾಜ್ಯ ಮೊದಲು ಎರಡು ವರ್ಷ, ಆಮೇಲೆ ಒಂದು ವರ್ಷ ಹೆಚ್ಚಿಸಿತು. ಹಾಗಾಗಿ ನವೀಕರಣದ ಅರ್ಜಿ ಹೋದದ್ದು 2025ರ ಸೆಪ್ಟೆಂಬರಿನಲ್ಲಿ. ಅದನ್ನು ಬರೆಯಲು ವರ್ಷ ಹಿಡಿದಿತ್ತು, ನಾನೂ ಒಂದು ಅಧ್ಯಾಯದ ಕೋಷ್ಟಕಗಳನ್ನು ತಿದ್ದಿಕೊಟ್ಟೆ. ಪರೀಕ್ಷೆಯ ಅಂಕ, ಹಾಜರಿ, ಲೆಕ್ಕಪತ್ರ, ಮತ್ತು ಡಿಸ್ಟ್ರಿಕ್ಟಿನಲ್ಲಿರುವ ಎಲ್ಲ ಬಗೆಯ ಮಕ್ಕಳನ್ನೂ ತಲುಪಲು ಏನು ಮಾಡುತ್ತೀರಿ ಎಂಬ ವಿವರ. ಅಕ್ಟೋಬರಿನಲ್ಲಿ ಸಾರ್ವಜನಿಕ ವಿಚಾರಣೆ. ಒಬ್ಬರಿಗೆ ಎರಡು ನಿಮಿಷ. ನಾನು ಚೀಟಿ ಕೊಟ್ಟು ಸರದಿಯಲ್ಲಿ ನಿಂತೆ. ಕಾಲು ನಡುಗುತ್ತಿತ್ತು. ಅಂಕಗಳ ಬಗ್ಗೆ ಬರೆದುಕೊಂಡು ಹೋಗಿದ್ದೆ. ಮೈಕಿನ ಮುಂದೆ ನಿಂತಾಗ ಹೇಳಿದ್ದು "ಅಮ್ಮಾ ಬರ್ತಾಳೆ" ಎಂದು ಬರೆದುಕೊಂಡ ಚೀಟಿಯ ವಿಷಯ ಮತ್ತು ಕಪ್ಪು ಗೋಡೆಯ ವಿಷಯ.

ನನ್ನ ನಂತರ ಮೂರನೆಯವರಾಗಿ ಮಾತಾಡಿದವರು ಪಕ್ಕದ ಡಿಸ್ಟ್ರಿಕ್ಟ್ ಶಾಲೆಯ ಟೀಚರ್. ನಾವು ಇರುವುದು ಅವರ ಆವರಣದಲ್ಲೇ. 2000ನೇ ಇಸವಿಯಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 39ರ ಪ್ರಕಾರ ಡಿಸ್ಟ್ರಿಕ್ಟ್ ನಮ್ಮಂಥವರಿಗೆ ಜಾಗ ಕೊಡಬೇಕು, ನಾವು ಪ್ರತಿವರ್ಷ ಕೇಳಬೇಕು. ಆಟದ ಬಯಲಿಗೆ ನಡುವೆ ಒಂದು ಹಳದಿ ಗೆರೆ. ಆ ಟೀಚರ್ ಕೂಗಾಡಲಿಲ್ಲ. ನಮ್ಮ ಶಾಲೆಯಿಂದ ಹೋದ ಪ್ರತಿ ಮಗುವಿನ ಜೊತೆ ದುಡ್ಡೂ ಹೋಗುತ್ತದೆ, ದೀಪದ ಬಿಲ್ಲು ಮಾತ್ರ ಅಷ್ಟೇ ಬರುತ್ತದೆ, ಕಳೆದ ವರ್ಷ ನಮ್ಮ ಸಂಗೀತದ ಮೇಷ್ಟ್ರನ್ನು ಕಳೆದುಕೊಂಡೆವು ಅಂದರು. ನಮ್ಮಲ್ಲಿಗೆ ಬರುವುದು ಫಾರಂ ತುಂಬಲು ಸಮಯವಿರುವ ಅಪ್ಪ-ಅಮ್ಮಂದಿರ ಮಕ್ಕಳಲ್ಲ, ಎಲ್ಲರ ಮಕ್ಕಳು ಅಂದರು. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನನಗೆ 31ನೇ ನಂಬರಿನ ಆ ತಾಯಿ ನೆನಪಾದರು. ಸಭೆ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಅವರ ಹತ್ತಿರ ಹೋಗಿ, ನಿಮ್ಮ ಮಾತು ಕೇಳಿಸಿಕೊಂಡೆ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ನಿಂತು ಮಾತಾಡಿದೆವು. ಒಪ್ಪಿಕೊಂಡು ಬೇರಾಗಲಿಲ್ಲ, ಆದರೆ ಈಗ ಸೋಮವಾರ ರಸ್ತೆ ದಾಟಿಸುವಾಗ ಎರಡೂ ಶಾಲೆಯ ಮಕ್ಕಳನ್ನು ಒಟ್ಟಿಗೇ ದಾಟಿಸುತ್ತೇವೆ. ಮೊದಲು ಹಾಗಿರಲಿಲ್ಲ.

ಡಿಸೆಂಬರಿನಲ್ಲಿ ಡಿಸ್ಟ್ರಿಕ್ಟಿನ ಮಂಡಳಿ ಇನ್ನೈದು ವರ್ಷಕ್ಕೆ ಸನ್ನದು ಕೊಟ್ಟಿತು. ಕೊಡುವಾಗ ಒಂದು ಮಾತು ಸೇರಿಸಿತು: ಸ್ಪ್ಯಾನಿಷ್ ಮಾತಾಡುವ ಮನೆಗಳಿಂದ ಬರುವ ಅರ್ಜಿಗಳು ಸಾಲವು, ಅವು ಹೆಚ್ಚಬೇಕು. ಟೀಚರ್ ಹೇಳಿದ್ದೂ ಅದನ್ನೇ ಅಲ್ಲವೇ. ಮನೆಮನೆಗೆ ಹೋಗಲು ಯಾರು ಬರುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದಾಗ ಕೈ ಎತ್ತಿದೆ.

ಈ ಜನವರಿಯ ಒಂದು ಭಾನುವಾರ ನಾನು, ಪುಟ್ಟಿ, ಅವಳ ಸಹಪಾಠಿಯ ತಾಯಿ ಮೂವರೂ ಸ್ಪ್ಯಾನಿಷ್‌ನಲ್ಲಿ ಅಚ್ಚಾದ ಅರ್ಜಿಗಳ ಕಟ್ಟು ಹಿಡಿದು ಬಟ್ಟೆ ಒಗೆಯುವ ಲಾಂಡ್ರೊಮ್ಯಾಟಿಗೆ ಹೋದೆವು. ಭಾನುವಾರ ಬೆಳಿಗ್ಗೆ ಆ ಬೀದಿಯ ಅರ್ಧ ಜನ ಅಲ್ಲಿರುತ್ತಾರೆ. ಮೆಷಿನ್ ತಿರುಗುವ ಸದ್ದು, ಸೋಪಿನ ವಾಸನೆ. ಮಡಿಲಲ್ಲಿ ಹುಡುಗನನ್ನು ಕೂರಿಸಿಕೊಂಡಿದ್ದ ಒಬ್ಬ ಹೆಂಗಸು ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ನನ್ನ ಮುಖ ನೋಡಿ, "ಕ್ವಾಂತೊ ಕ್ವೆಸ್ತಾ?" ಅಂದರು. ಎಷ್ಟಾಗುತ್ತದೆ ಎಂದು.

"ನಾದಾ" ಅಂದೆ. ಏನೂ ಇಲ್ಲ ಎಂದು. ಅವರು ನಂಬಲಿಲ್ಲ, ಅದು ಮುಖದಲ್ಲೇ ಕಂಡಿತು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಪುಟ್ಟಿ ಚೀಲದಿಂದ ಪೆನ್ನು ತೆಗೆದು ಆ ಹುಡುಗನ ಹೆಸರೇನೆಂದು ಕೇಳಿದಳು.